ಮುಟ್ಟದೆ ಬಿಟ್ಟ ಕಾಫಿ

ಪ್ರಶ್ನೆ: ನಮ್ಮದು ತಿ. ನರಸೀಪುರ ತಾಲ್ಲೂಕಿನ ಹಳ್ಳಿ. ತಾತನ ಕಾಲದಲ್ಲೇ ಕೇರಿಯಿಂದ ಚರ್ಚಿಗೆ ಬಂದ ಕತೋಲಿಕರು ನಾವು. ಮಗ ಒಪ್ಪಿದ ಹುಡುಗಿ ನಂಜನಗೂಡಿನವಳು, ಅವಳೂ ಕತೋಲಿಕಳೇ. ಮನೆ ನೋಡಲು ಬಂದ ಅವರ ಕಡೆಯವರು ನೀರಿನ ಬಾಟಲಿ ತಾವೇ ತಂದಿದ್ದರು. ನನ್ನ ಹೆಂಡತಿ ಕೊಟ್ಟ ಕಾಫಿಯನ್ನು ಯಾರೂ ಮುಟ್ಟಲಿಲ್ಲ. ‘ಎಲ್ಲ ಸರಿ, ಮೂಲ ಮಾತ್ರ ಕೂಡಿಬರಲ್ಲ’ ಅಂದು ಎದ್ದುಹೋದರು. ಹೆಂಡತಿ ಆ ಲೋಟ ತೊಳೆಯುತ್ತ ಅತ್ತಳು. ಮಗನಿಗೆ ಬಿಟ್ಟುಬಿಡು ಅನ್ನಲೇ? ನಾವು ಚರ್ಚನ್ನೇ ಬಿಡಲೇ?
– ಒಬ್ಬ ತಂದೆ

ಉತ್ತರ: ಎರಡೂ ಬೇಡ ಅಣ್ಣ. ಕಾಫಿ ಕೆನೆಗಟ್ಟುವವರೆಗೂ ಒಂದು ಮನೆಯಲ್ಲಿ ಕೂತು, ಅದನ್ನು ಹಾಗೇ ಬಿಟ್ಟು ಏಳುವುದು ಅವಮಾನ. ಬೇರೆ ಹೆಸರು ಕೊಡುವುದು ಬೇಡ. ಮೊದಲು ನಿಮ್ಮ ಮನೆಯಾಕೆಯ ಪಕ್ಕ ಕೂತು, ತಪ್ಪು ನಿನ್ನದಲ್ಲ ಎಂದು ಹೇಳಿ.

ಆಮೇಲೆ ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯ ತೆಗೆಯಿರಿ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜತೆ ಕೂತು ಉಣ್ಣುತ್ತಿದ್ದ. ಯೆಹೂದ್ಯ ಮೂಲದ ಯಾಕೋಬನ ಕಡೆಯವರು ಬಂದದ್ದೇ ತಡ, ಅಂಜಿ ಪಂಕ್ತಿಯಿಂದ ಸರಿದುಬಿಟ್ಟ. ಪೌಲ ಎಲ್ಲರ ಎದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ನಾವು ಮೊದಲ ಪೋಪ್ ಎನ್ನುವ ಪೇತ್ರನಿಗೇ ಈ ವಿಷಯದಲ್ಲಿ ರಿಯಾಯಿತಿ ಸಿಗಲಿಲ್ಲ.

ಆದರೆ ಇಲ್ಲಿಯ ಆಚರಣೆ ಬೇರೆ ದಾರಿ ಹಿಡಿಯಿತು, ಅದನ್ನು ಮುಚ್ಚಿಡಲಾರೆ. 1606ರಲ್ಲಿ ಮಧುರೆಗೆ ಬಂದ ಯೇಸುಸಭೆಯ ಪಾದ್ರಿ ನೋಬಿಲಿ, ಜಾತಿಯಲ್ಲಿದ್ದುಕೊಂಡೇ ಕ್ರೈಸ್ತರಾಗಬಹುದು ಎಂದರು. ಅದೇ ಸಭೆಯ ಚಿನ್ನಮಿ 1649ರಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಶುರುಮಾಡಿ, ಸನ್ಯಾಸಿಯಂತೆ ಬಾಳಿದರು. ಮೇಲ್ಜಾತಿಯವರು ಹತ್ತಿರ ಬರಲಿ ಎಂದು ಮಾಡಿಕೊಂಡ ರಾಜಿ ಅದು. ಆ ಸಾಲವನ್ನು ಇವತ್ತಿಗೂ ನಿಮ್ಮಂಥ ಮನೆಗಳು ತೀರಿಸುತ್ತಿವೆ. 2016ರ ಡಿಸೆಂಬರಿನಲ್ಲಿ ಭಾರತದ ಕತೋಲಿಕ ಧರ್ಮಾಧ್ಯಕ್ಷರ ಮಂಡಳಿ ಜಾತಿಭೇದವನ್ನು ಘೋರ ಸಾಮಾಜಿಕ ಪಾಪ ಎಂದು ತನ್ನ ನೀತಿಯಲ್ಲೇ ಬರೆಯಿತು. 2022ರಲ್ಲಿ ಹೈದರಾಬಾದಿನ ಆಂಥೋನಿ ಪೂಲ ದಲಿತ ಸಮುದಾಯದ ಮೊದಲ ಕಾರ್ಡಿನಲ್ ಆದರು. ಚರ್ಚೇ ಜಾತಿಭೇದವನ್ನು ಪಾಪ ಎಂದ ಮೇಲೆ ಅದನ್ನು ಪಾಪದಂತೆಯೇ ನೋಡಿ ಎಂದು ಕೇಳುವ ಹಕ್ಕು ನಿಮಗಿದೆ.

ಹಾಗಾಗಿ ನಿಮ್ಮ ಫಾದರ್ ಬಳಿ ಹೋಗಿ, ಬಾಟಲಿ, ಕಾಫಿ, ಆಡಿದ ಮಾತು ಯಾವುದನ್ನೂ ಬಿಡದೆ ಹೇಳಿ. ‘ನಿಧಾನಕ್ಕೆ ನೋಡೋಣ’ ಎಂಬ ಮಾತಿಗೆ ಎದ್ದು ಬರಬೇಡಿ. ಚರ್ಚಿನ ಕಾನೂನು ಪಟ್ಟಿಮಾಡಿದ ವಿವಾಹ ಅಡ್ಡಿಗಳಲ್ಲಿ ಜಾತಿ ಇಲ್ಲ. ವಯಸ್ಸಿಗೆ ಬಂದವರು ಮನಸಾರೆ ಒಪ್ಪಿದರೆ, ಮೂಲದ ನೆಪ ಹೇಳಿ ಯಾವ ಫಾದರೂ ಮದುವೆ ನಿಲ್ಲಿಸುವಂತಿಲ್ಲ. ಹುಡುಗಿಯ ತಂದೆಯನ್ನು ಕರೆದುಕೊಂಡು ಮನೆಗೆ ಬನ್ನಿ, ಇಬ್ಬರೂ ನಮ್ಮಲ್ಲಿ ಕಾಫಿ ಕುಡಿಯಿರಿ ಎಂದು ಕರೆಯಿರಿ. ಅವರು ಬರದಿದ್ದರೂ ಫಾದರ್ ಬರಲೇಬೇಕು.

ಜನ ಕಟ್ಟಿಕೊಂಡು ಮಾತ್ರ ನಂಜನಗೂಡಿಗೆ ಹೋಗಬೇಡಿ. ಜಾತಿಯ ಜಗಳ 1993ರಲ್ಲಿ ಬದನವಾಳಿನಲ್ಲಿ ಮೂವರು ದಲಿತರ ಜೀವ ತೆಗೆದ ಸೀಮೆ ಇದು. ನಿಮ್ಮ ಪತ್ರದಲ್ಲಿ ಆ ಹುಡುಗಿ ಈಗ ಹೇಗಿದ್ದಾಳೆ ಎಂಬುದೇ ಇಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಅದು. ಅವಳ ಫೋನು ಕಿತ್ತುಕೊಂಡಿದ್ದಾರಾ? ಕೆಲಸಕ್ಕೆ ಬಿಡುತ್ತಿದ್ದಾರಾ? ಇವತ್ತು ಸಂಜೆಯೇ ಮಗನನ್ನು ಕೂರಿಸಿಕೊಂಡು ಕೇಳಿ. ಅವಳಿಗೆ ಭಯವಿದ್ದರೆ ಫಾದರ್ ಉತ್ತರಕ್ಕೂ ಕಾಯಬೇಡಿ, 112ಕ್ಕೆ ಫೋನ್ ಮಾಡಿ.