ಮರುಭೂಮಿಯ ನದಿಗೆ ಇಳಿಯುವ ಮುನ್ನ

ಭೂಗೋಳದ ಪಾಠದಲ್ಲಿ ನಾವೆಲ್ಲ ಓದಿದ ಕೊಲರಾಡೊ ನದಿಯ ಮಹಾಕಂದರವನ್ನು ನಕಾಶೆಯಲ್ಲಿ ಬೆರಳಿಟ್ಟು ತೋರಿಸುವುದು ಸುಲಭ; ದೋಣಿಯಲ್ಲಿ ಕುಳಿತು ದಾಟುವುದು ಬೇರೆಯೇ ಮಾತು. ಇಕ್ಕೆಲಗಳಲ್ಲಿ ಬಂಡೆಯ ಗೋಡೆ, ಅದರಾಚೆ ಮರುಭೂಮಿ. ಊರಿಲ್ಲ, ಅಂಗಡಿಯಿಲ್ಲ, ಹಲವೆಡೆ ಮೇಲೇರಲು ದಾರಿಯೂ ಇಲ್ಲ. ಇಂದು ರಬ್ಬರಿನ ತೆಪ್ಪಗಳಲ್ಲಿ ಹೋಗುವವರೂ ಆಹಾರವನ್ನೆಲ್ಲ ಒಯ್ದು, ಕಸವನ್ನೆಲ್ಲ ಹೊತ್ತು ಮರಳಬೇಕು.

ಈ ಕಂದರಗಳನ್ನು ಶೋಧಿಸಲು ಜಾನ್ ವೆಸ್ಲಿ ಪವೆಲ್ ಎಂಬ ಭೂವಿಜ್ಞಾನದ ಅಧ್ಯಾಪಕನು 1869ರ ಮೇ 24ರಂದು ಒಂಬತ್ತು ಸಂಗಡಿಗರೊಡನೆ ಉಪನದಿಯಾದ ಗ್ರೀನ್ ನದಿಯಲ್ಲಿ ಹೊರಟನು. ಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡಿದ್ದ ಈತನ ಸಿದ್ಧತೆ ಸಾಮಾನ್ಯವಾದುದಲ್ಲ. ನಾಲ್ಕು ದೋಣಿಗಳು, ಅವುಗಳಲ್ಲಿ ಮೂರು ಓಕ್ ಮರದವು, 21 ಅಡಿ ಉದ್ದ. ಹತ್ತು ತಿಂಗಳಿಗೆ ಸಾಲುವ ದಿನಸಿ. ಒಂದು ದೋಣಿ ಮುಳುಗಿದರೂ ಉಳಿದವರು ಬದುಕಬೇಕೆಂದು ದಿನಸಿ, ಬಟ್ಟೆ, ಉಪಕರಣಗಳನ್ನು ಹಂಚಿ ತುಂಬಬೇಕೆಂದು ನಿಶ್ಚಯಿಸಿದ್ದನು.

ಜೂನ್ ತಿಂಗಳಲ್ಲಿ ಲೊಡೋರ್ ಕಂದರದ ಸೆಳವಿಗೆ ಸಿಕ್ಕಿ ಒಂದು ದೋಣಿ ಒಡೆಯಿತು. ದಿನಸಿಯ ನಷ್ಟವನ್ನು ಸಹಿಸಬಹುದಿತ್ತು. ಆದರೆ ವಾಯುಭಾರಮಾಪಕಗಳೆಲ್ಲವೂ ಅದೇ ದೋಣಿಯಲ್ಲಿದ್ದವು! ಹಂಚಬೇಕೆಂದುಕೊಂಡದ್ದು ಸಾಮಾನು ತುಂಬುವಾಗ ತಪ್ಪಿಹೋಗಿತ್ತು. ಎತ್ತರವನ್ನು ಅಳೆಯುವ ಆ ಉಪಕರಣವಿಲ್ಲದೆ ನದಿ ಇನ್ನೆಷ್ಟು ಅಡಿ ಕೆಳಗಿಳಿಯಬೇಕಾಗಿದೆಯೆಂಬುದನ್ನು ತಿಳಿಯುವಂತಿರಲಿಲ್ಲ. ಮರುದಿನ ಇಬ್ಬರು ಸಾಹಸದಿಂದ ಒಡೆದ ದೋಣಿಯನ್ನು ತಲುಪಿ ಅವುಗಳನ್ನು ತಂದರು. ಜೊತೆಗೆ, ಪವೆಲ್‌ಗೆ ತಿಳಿಯದಂತೆ ಸಂಗಡಿಗರು ಬಚ್ಚಿಟ್ಟಿದ್ದ ಮದ್ಯದ ಪೀಪಾಯಿಯೂ ಬಂದಿತು.

ಬಳಿಕ ನೀರು, ಮಳೆ, ಬಿಸಿಲುಗಳು ದಿನಸಿಯನ್ನು ಕೆಡಿಸಿದವು. ಆಗಸ್ಟ್ ನಡುವಿನಲ್ಲಿ ಉಳಿದದ್ದು ಹತ್ತು ದಿನಗಳ ಬೂಷ್ಟು ಹಿಡಿದ ಹಿಟ್ಟು, ಕೆಲವು ಒಣ ಸೇಬು, ಧಾರಾಳವಾಗಿ ಕಾಫಿ. ಒಬ್ಬನು ಮೊದಲೇ ತಂಡವನ್ನು ಬಿಟ್ಟಿದ್ದನು. ಆಗಸ್ಟ್ 28ರಂದು ಇನ್ನು ಮೂವರು ಮುಂದಿನ ಸೆಳವನ್ನು ಕಂಡು, ಗೋಡೆಯನ್ನು ಹತ್ತಿ ಹೊರಟುಹೋದರು. ಅವರು ಮತ್ತೆ ಜೀವಂತವಾಗಿ ಬರಲಿಲ್ಲ. ಉಳಿದ ಆರು ಮಂದಿ ಮರುದಿನವೇ ಮಹಾಕಂದರದಿಂದ ಹೊರಬಿದ್ದರು. ಒಂದೇ ದಿನದ ಅಂತರ! ಆದರೆ ಆ ಮೂವರಿಗೆ ಅದು ತಿಳಿಯುವುದಾದರೂ ಹೇಗೆ?

1871ರ ಎರಡನೆಯ ಪಯಣಕ್ಕೆ ಮುನ್ನ ಪವೆಲ್ ದೋಣಿಗಳಿಗಿಂತ ಹೆಚ್ಚಾಗಿ ದಡವನ್ನು ಕುರಿತು ಯೋಚಿಸಿದನು. ಹಿಂದಿನ ವರ್ಷವೇ ಆ ಪ್ರದೇಶಕ್ಕೆ ಹೋಗಿ, ನದಿಗೆ ಇಳಿಯಬಲ್ಲ ಕಾಲುದಾರಿಗಳನ್ನು ಅರಸಿದನು. ಹೇರು ಪ್ರಾಣಿಗಳ ಮೇಲೆ ನಡುನಡುವೆ ದಿನಸಿ ಬಂದು ಸೇರುವಂತೆ ಏರ್ಪಡಿಸಿದನು. 1872ರ ಸೆಪ್ಟೆಂಬರಿನಲ್ಲಿ ಕನಾಬ್ ಹಳ್ಳದ ಬಳಿಗೆ ಬಂದಾಗ ನದಿ ಅಪಾಯಕರವಾಗಿ ಏರಿತ್ತು. ಆ ಹಳ್ಳದ ಹಾದಿಯಲ್ಲಿ ದಿನಸಿಯೂ ಬಂದಿತ್ತು, ಹೊರಗೆ ಹೋಗಲು ದಾರಿಯೂ ಇತ್ತು. ಪವೆಲ್ ಪಯಣವನ್ನು ಅಲ್ಲಿಗೇ ನಿಲ್ಲಿಸಿದನು. ಎಲ್ಲರೂ ದೋಣಿಗಳನ್ನು ಬಿಟ್ಟು ಮೇಲೇರಿ ಬಂದರು.