ರಾಯರ ಎಂಟುನೂರು ಡಾಲರ್

ನಾವು ಸಿಂಗಪುರಕ್ಕೆ ಟಿಕೆಟ್ ಮಾಡಿಸಿದ ಸುದ್ದಿ ಅಪಾರ್ಟ್‌ಮೆಂಟ್ ತುಂಬ ಹರಡಲು ಲಿಫ್ಟು ಒಂದು ಸಲ ಮೇಲೆ ಕೆಳಗೆ ಓಡಾಡಿದ್ದೇ ಸಾಕಾಯಿತು. ಮರುದಿನ ಬೆಳಿಗ್ಗೆಯೇ ಕೆಳಮನೆಯ ರಾಯರು ಕಂದು ಬಣ್ಣದ ಕವರು ಹಿಡಿದು ಬಂದರು.

"ದುಡ್ಡು ಬದಲಾಯಿಸೋಕೆ ಎಲ್‌ಬಿ ರೋಡಿಗೆಲ್ಲ ಯಾಕೆ ಅಲೀತೀರಿ? ಮಗ ಡಿಸೆಂಬರಲ್ಲಿ ಬಂದಾಗ ಕೊಟ್ಟುಹೋಗಿದ್ದು, ಎಂಟುನೂರು ಡಾಲರ್ ಇದೆ. ಪೇಪರಲ್ಲಿರೋ ರೇಟಿಗೇ ತಗೊಳ್ಳಿ. ನಿಮಗೂ ಲಾಭ, ನನಗೂ ಲಾಭ."

ಚೆನ್ನೈಯ ನಮ್ಮ ಅಡ್ಯಾರಿನಲ್ಲಿ ಇಂಥ ಕವರು ಇಲ್ಲದ ಬೀರು ಅಪರೂಪ. ಗಾಂಧಿನಗರವಿರಲಿ, ಬೆಸೆಂಟ್ ನಗರವಿರಲಿ, ಮಕ್ಕಳು ಹೊರದೇಶದಲ್ಲಿರುವ ಮನೆ ಬೀದಿಗೆ ನಾಲ್ಕಾದರೂ ಸಿಗುತ್ತವೆ. ಬಂದುಹೋದವರು ಬಿಟ್ಟ ನೋಟು, ಹೊರಟವರ ಕೈಸೇರುವುದು ಎಲ್ಲರಿಗೂ ಸಹಜವಾಗಿಯೇ ಕಾಣುತ್ತದೆ. ಕಾನೂನಿಗೆ ಮಾತ್ರ ಹಾಗೆ ಕಾಣುವುದಿಲ್ಲ.

ರಾಯರು ಆ ನೋಟು ಇಟ್ಟುಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಹೊರದೇಶದ ನಿವಾಸಿಯೊಬ್ಬರು ಭಾರತಕ್ಕೆ ಬಂದಾಗ ಕೊಟ್ಟ ಉಡುಗೊರೆ, ಅಥವಾ ನಮ್ಮದೇ ಪ್ರವಾಸದಲ್ಲಿ ಉಳಿದದ್ದು, ಎಲ್ಲ ಸೇರಿ 2,000 ಅಮೆರಿಕನ್ ಡಾಲರ್ ಮೌಲ್ಯದವರೆಗಿನ ವಿದೇಶಿ ನೋಟನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು. ಚಿಲ್ಲರೆ ನಾಣ್ಯಕ್ಕೆ ಮಿತಿಯಿಲ್ಲ. ತಪ್ಪು ಶುರುವಾಗುವುದು ಅದನ್ನು ನನಗೆ ಮಾರಿದಾಗ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ (ನಮ್ಮ ಬಾಯಲ್ಲಿ ಫೆಮಾ) 3ನೇ ಕಲಮಿನ ಪ್ರಕಾರ ರಿಸರ್ವ್ ಬ್ಯಾಂಕಿನ ಪರವಾನಗಿ ಇದ್ದವರ ಮೂಲಕವಲ್ಲದೆ ವಿದೇಶಿ ಹಣ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಅಕ್ಕಪಕ್ಕದ ಮನೆಯವರೆಂಬ ವಿನಾಯಿತಿ ಅದರಲ್ಲಿಲ್ಲ. 13ನೇ ಕಲಮಿನಡಿ ದಂಡ, ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು.

ಇದನ್ನು ಹೇಳಿದಾಗ ರಾಯರಿಗೆ ನಗು ಬಂತು. ಅವರು ಐಐಟಿ ಮುಗಿಸಿ ಅಮೆರಿಕಕ್ಕೆ ಹೊರಟ ಕಾಲದಲ್ಲಿ ಸರ್ಕಾರ ಕೈಗೆ ಕೊಡುತ್ತಿದ್ದದ್ದೇ ಎಂಟು ಡಾಲರ್. ಆಮೇಲೆ 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ, ಅಂದರೆ ಫೆರಾ, ಬಂತು. ಅದು ಜೈಲಿಗೆ ಕಳಿಸಬಲ್ಲ ಕಾನೂನು. 2000ದ ಜೂನ್ 1ರಂದು ಜಾರಿಗೆ ಬಂದ ಫೆಮಾ ಮೂಲತಃ ದಂಡದ ಕಾನೂನು. ಈಗ ಒಬ್ಬ ನಿವಾಸಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಒಯ್ಯಬಹುದು, ಕಳಿಸಬಹುದು. ಇಷ್ಟು ಸಡಿಲವಾದ ಮೇಲೂ ಕವರಿನ ವ್ಯಾಪಾರ ಯಾಕೆ ಎನ್ನುವುದೇ ನನ್ನ ಪ್ರಶ್ನೆ.

ಇನ್ನೊಂದು ಮಾತು. ಕಾನೂನು ಬದಿಗಿಟ್ಟರೂ ರಾಯರ ಡಾಲರ್ ನನಗೆ ಲಾಭದ್ದಲ್ಲ. ಸಿಂಗಪುರದಲ್ಲಿ ಖರ್ಚಾಗುವುದು ಸಿಂಗಪುರ ಡಾಲರ್. ಅಮೆರಿಕನ್ ಡಾಲರ್ ಒಯ್ದರೆ ಅಲ್ಲಿ ಮತ್ತೆ ಬದಲಾಯಿಸಬೇಕು. ಎರಡು ಸಲ ಬದಲಾವಣೆ, ಎರಡು ಸಲ ಕಮಿಷನ್. ಸಿಂಗಪುರ ಡಾಲರ್, ಥಾಯ್ ಬಾತ್, ದುಬೈಯ ದಿರ್ಹಮ್, ಯೂರೋ ಎಲ್ಲವೂ ಚೆನ್ನೈಯಲ್ಲೇ ಸಿಗುತ್ತವೆ, ಇಲ್ಲಿಂದಲೇ ಕೊಳ್ಳಿ. ಶ್ರೀಲಂಕಾದ ರೂಪಾಯಿ, ವಿಯೆಟ್ನಾಮಿನ ಡಾಂಗ್ ಇಲ್ಲಿ ಸಿಗುವುದು ಕಷ್ಟ. ಅಲ್ಲಿಗಾದರೆ ಅಮೆರಿಕನ್ ಡಾಲರೇ ಸರಿ. ಪೆನ್ನಿನ ಗೀಟು, ಹರಿದ ಅಂಚು ಇರುವ ನೋಟು ಕೊಟ್ಟರೆ ಕೌಂಟರಿನಲ್ಲೇ ಬದಲಿಸಿ ಕೇಳಿ. ಹೊರಗೆ ಅಂಥದನ್ನು ಮೂಸಿಯೂ ನೋಡುವುದಿಲ್ಲ.

ಕೊಳ್ಳಲು ಹೋದಾಗ ಗಮನಿಸಬೇಕಾದದ್ದು ಗೋಡೆ. ಪರವಾನಗಿ ಪಡೆದ ಹಣ ವಿನಿಮಯದ ಅಂಗಡಿ, ಅಂದಿನ ಕೊಳ್ಳುವ ಮತ್ತು ಮಾರುವ ದರದ ಪಟ್ಟಿಯನ್ನು ಗಿರಾಕಿಗೆ ಕಾಣುವಂತೆ ಹಾಕಬೇಕು, ಬೆಳಿಗ್ಗೆ 10.30ರೊಳಗೆ ಹೊಸ ದರ ಬರೆದಿರಬೇಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ನಾನು ಹೋದ ಮೊದಲ ಅಂಗಡಿಯಲ್ಲಿ ಬೋರ್ಡಿತ್ತು, ದರ ಹಿಂದಿನ ದಿನದ್ದು. "ಬೋರ್ಡ್ ಬಿಡಿ ಸಾರ್, ನಿಮಗೆ ಸ್ಪೆಷಲ್ ರೇಟ್. ಬಿಲ್ ಬೇಕಾ?" ಎಂದು ಕೇಳಿದರು. ಬಿಲ್ ಬೇಕಾ ಎಂದು ಕೇಳುವ ಅಂಗಡಿಯಿಂದ ಇಳಿದು ಬರುವುದೇ ಒಳ್ಳೆಯದು. ಬಂದೆ. ಆ ಒಂದು ಕಾಗದ ಇಲ್ಲದಿದ್ದರೆ ಮುಂದೆ ನಕಲಿ ನೋಟು ಬಂದರೂ, ಕಸ್ಟಮ್ಸ್‌ನವರು ಕೇಳಿದರೂ ತೋರಿಸಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಎರಡನೆಯ ಅಂಗಡಿಯಲ್ಲಿ ಪಾಸ್‌ಪೋರ್ಟ್, ಟಿಕೆಟ್, ಪ್ಯಾನ್ ಕೇಳಿದರು, ವಿದೇಶಿ ಹಣ ಪಡೆಯಲು ಬೇಕಾದ ಎ2 ಫಾರಂಗೆ ಸಹಿ ಹಾಕಿಸಿದರು. ಅದು ಕಿರುಕುಳವಲ್ಲ, ನಿಯಮ. 50,000 ರೂಪಾಯಿ ದಾಟಿದರೆ ನಗದು ಕೊಡುವಂತಿಲ್ಲ, ಖಾತೆಯಿಂದಲೇ ಪಾವತಿಯಾಗಬೇಕು. ಹೊರಡುವ 60 ದಿನ ಮುಂಚಿನಿಂದ ಕೊಳ್ಳಬಹುದು. ಹೆಚ್ಚಿನ ದೇಶಗಳಿಗೆ ಒಂದು ಪ್ರವಾಸಕ್ಕೆ ನೋಟಿನ ರೂಪದಲ್ಲಿ 3,000 ಡಾಲರ್ ಮೌಲ್ಯದಷ್ಟೇ ಸಿಗುತ್ತದೆ, ಉಳಿದದ್ದು ಫಾರೆಕ್ಸ್ ಕಾರ್ಡಿಗೆ ಹಾಕಬೇಕು. ಬಿಲ್ಲಿನಲ್ಲಿ ಜಿಎಸ್‌ಟಿ ಕಂಡು ಗಾಬರಿಯಾಗಬೇಡಿ. ಅದು ಇಡೀ ಮೊತ್ತದ ಶೇ. 18 ಅಲ್ಲ. ಒಂದು ಲಕ್ಷದವರೆಗಿನ ಖರೀದಿಯಲ್ಲಿ ಮೊತ್ತದ ಶೇ. 1ರ ಮೇಲೆ ಶೇ. 18; ಎಂದರೆ 80,000 ರೂಪಾಯಿಗೆ 144 ರೂಪಾಯಿ. ಅದಕ್ಕಿಂತ ಹೆಚ್ಚು ಹಾಕಿದ್ದರೆ ಲೆಕ್ಕ ಕೇಳಿ. ಕೊಂಡದ್ದು, ಹೊರಗೆ ಕಳಿಸಿದ್ದು ಸೇರಿ ವರ್ಷಕ್ಕೆ 10 ಲಕ್ಷ ದಾಟಿದರೆ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತಾರೆ. ಅದು ಹೋದ ಹಣವಲ್ಲ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಪ್ಯಾಕೇಜ್ ಟೂರಿಗೆ ಟಿಸಿಎಸ್ ಲೆಕ್ಕ ಬೇರೆ, ಏಜೆಂಟರಿಂದ ಅದನ್ನು ಬರವಣಿಗೆಯಲ್ಲಿ ಪಡೆಯಿರಿ.

ನಮ್ಮ ರೂಪಾಯಿಯನ್ನೂ 25,000ದವರೆಗೆ ಜೊತೆಯಲ್ಲಿ ಒಯ್ಯಬಹುದು. ಮೀನಂಬಾಕ್ಕಂ ವಿಮಾನ ನಿಲ್ದಾಣದಿಂದ ಮನೆಗೆ ಮರಳುವ ಟ್ಯಾಕ್ಸಿಗೆ ಬೇಕಲ್ಲ.

ಇನ್ನು ಕಾರ್ಡು. 2020ರಿಂದ ಬ್ಯಾಂಕುಗಳು ಹೊಸ ಕಾರ್ಡನ್ನು ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಕೊಡುತ್ತವೆ. ವಿದೇಶದ ಬಳಕೆಯನ್ನು ನಾವೇ ಆ್ಯಪ್‌ನಲ್ಲಿ ಆನ್ ಮಾಡಿ, ಮಿತಿ ಇಟ್ಟುಕೊಳ್ಳಬೇಕು. ಅಲ್ಲಿ ಹೋದ ಮೇಲೆ ಒಂದು ಗಳಿಗೆ ಎಚ್ಚರ ಬೇಕು. ಸಿಂಗಪುರದ ಅಂಗಡಿಯೊಂದರಲ್ಲಿ ಕಾರ್ಡು ಮುಟ್ಟಿಸುತ್ತಿದ್ದಂತೆ ಯಂತ್ರದ ಪರದೆಯ ಮೇಲೆ ಎರಡು ಮೊತ್ತ ಬಂದವು, ಒಂದು ಅಲ್ಲಿನ ಡಾಲರಿನಲ್ಲಿ, ಒಂದು ರೂಪಾಯಿಯಲ್ಲಿ. ರೂಪಾಯಿ ಕಂಡರೆ ತವರಿನವರು ಸಿಕ್ಕಂತೆ ಬೆರಳು ಅಲ್ಲಿಗೇ ಹೋಗುತ್ತದೆ. ನನ್ನ ಹೆಂಡತಿ ಕೈ ಹಿಡಿದಳು. ಆ ರೂಪಾಯಿಯ ದರದೊಳಗೆ ಯಂತ್ರದ ಕಡೆಯವರ ಲಾಭ ಸೇರಿರುತ್ತದೆ. ಅದರ ಮೇಲೆ ನಮ್ಮ ಕೆಲವು ಬ್ಯಾಂಕುಗಳು ಮತ್ತೊಂದು ಶುಲ್ಕ ಹಾಕುತ್ತವೆ. ಯಾವಾಗಲೂ ಆಯಾ ದೇಶದ ಹಣವನ್ನೇ ಆರಿಸಿ. ಆಯ್ಕೆ ಕಾರ್ಡುದಾರರದು, ಅಂಗಡಿಯವರು ತಾವೇ ಒತ್ತುವಂತಿಲ್ಲ. ಒತ್ತಿಬಿಟ್ಟರೆ ಆಗಲೇ ರದ್ದು ಮಾಡಿಸಿ, ಚೀಟಿ ಇಟ್ಟುಕೊಳ್ಳಿ, ಬ್ಯಾಂಕಿಗೆ ತಕರಾರು ಬರೆಯಿರಿ.

ಕಾರ್ಡು ಕಳೆದರೆ ಊರಿಗೆ ಬಂದು ನೋಡೋಣ ಎನ್ನಬೇಡಿ. ನಮ್ಮ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರು ಹಣ ಎಳೆದಿದ್ದರೆ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ತಡಮಾಡಿದಷ್ಟೂ ಹೊಣೆ ನಮ್ಮ ಮೇಲೆ ಬೀಳುತ್ತದೆ.

ಮರಳಿದ ಮೇಲೆ 2,000 ಡಾಲರಿಗಿಂತ ಹೆಚ್ಚು ಉಳಿದಿದ್ದರೆ 180 ದಿನದೊಳಗೆ ಪರವಾನಗಿ ಇದ್ದವರಿಗೆ ಒಪ್ಪಿಸಬೇಕು. ಹೊರಗಿನಿಂದ ಬರುವವರ ಕೈಯಲ್ಲಿ 5,000 ಡಾಲರಿಗೆ ಮೀರಿದ ನೋಟಿದ್ದರೆ ಕಸ್ಟಮ್ಸ್‌ನಲ್ಲಿ ಘೋಷಣಾ ಪತ್ರ ತುಂಬಲೇಬೇಕು. ಇದನ್ನು ರಾಯರ ಮಗನಿಗೂ ಹೇಳಿದ್ದೇನೆ.

ರಾಯರು ಕೊನೆಗೆ ಕವರು ಹಿಡಿದು ನನ್ನ ಜೊತೆಯೇ ಹಣ ವಿನಿಮಯದ ಅಂಗಡಿಗೆ ಬಂದರು. ಪೇಪರಿನ ದರಕ್ಕಿಂತ ಕಡಿಮೆ ಸಿಕ್ಕಿತೆಂದು ದಾರಿಯುದ್ದಕ್ಕೂ ಗೊಣಗಿದರು, ಆದರೆ ಮಾರಾಟದ ಸರ್ಟಿಫಿಕೇಟನ್ನು ಅದೇ ಕವರಿನೊಳಗಿಟ್ಟು ಬೀರು ಸೇರಿಸಿದರು.

ಬ್ಯಾಂಕಿನ ಮೇಲೆ ದೂರಿದ್ದರೆ ಮೊದಲು ಬ್ಯಾಂಕಿಗೇ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ವಿಚಾರಣೆಗೆ ಫೋನ್ ಸಂಖ್ಯೆ 14448. ಹಣ ವಿನಿಮಯದ ಅಂಗಡಿಯೋ ಟೂರ್ ಏಜೆಂಟರೋ ಮೋಸ ಮಾಡಿದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆಯಂತೆ ನೀವು ವಾಸಿಸುವ ಊರಿನಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಬಿಲ್ಲಿನ ಪ್ರತಿ ಮಾತ್ರ ಜೊತೆಗಿರಲಿ.