ಕಣ್ಣೀರಿಗೂ ಒಂದು ಇತಿಹಾಸವಿದೆ



ಹೊಸಪೇಟೆಯ ಹಳೆಯ ಹೆಸರು ನಾಗಲಾಪುರ. ಕೃಷ್ಣದೇವರಾಯನು ತನ್ನ ತಾಯಿ ನಾಗಲಾಂಬಿಕೆಯ ನೆನಪಿಗೆ ಇದನ್ನು ಕಟ್ಟಿಸಿದನೆಂದು ಜನ ಹೇಳುತ್ತಾರೆ. 1520ರ ಸುಮಾರಿಗೆ ವಿಜಯನಗರವನ್ನು ಕಣ್ಣಾರೆ ಕಂಡ ಪೋರ್ಚುಗೀಸ ಪ್ರವಾಸಿ ದೊಮಿಂಗೊ ಪಾಯೆಸ್ ಬರೆದಿರುವುದೇ ಬೇರೆ: ರಾಜನು ಪತ್ನಿಯೊಬ್ಬಳ ಮೇಲಿನ ಪ್ರೀತಿಗಾಗಿ ಈ ಊರನ್ನು ಕಟ್ಟಿಸಿ, ಆಕೆಯ ಹೆಸರನ್ನೇ ಇಟ್ಟನಂತೆ. ಊರು ಒಂದೇ, ಅದರ ಹಿಂದಿನ ಪ್ರೀತಿ ಮಾತ್ರ ಹೇಳುವವರ ಬಾಯಲ್ಲಿ ಬೇರೆಯಾಗಿದೆ.

ಯುದ್ಧಗಳಿಗೂ ಕಂದಾಯಕ್ಕೂ ಇತಿಹಾಸವಿರುವಂತೆ ಪ್ರೀತಿ, ದುಃಖ, ಕೋಪಗಳಿಗೂ ಇತಿಹಾಸವಿದೆಯೇ? ಇದೆ, ಅದನ್ನು ಬರೆಯಬೇಕು ಎಂದು ಫ್ರಾನ್ಸಿನ ಇತಿಹಾಸಕಾರ ಲೂಸಿಯೆನ್ ಫೆವ್ರ್ 1941ರಲ್ಲಿ ಕರೆಕೊಟ್ಟರು. ಅಮೆರಿಕದ ಬಾರ್ಬರಾ ರೋಸೆನ್‌ವೈನ್ ಎಂಬ ವಿದುಷಿ ಮುಂದೆ ಒಂದು ಒಳ್ಳೆಯ ವಿಚಾರವನ್ನು ಸೇರಿಸಿದರು. ಪ್ರತಿಯೊಂದು ಸಮುದಾಯವೂ ಯಾವ ಭಾವನೆಯನ್ನು ಮೆಚ್ಚಬೇಕು, ಯಾವುದನ್ನು ಅದುಮಬೇಕು, ಎಷ್ಟು ತೋರಿಸಬೇಕು ಎಂಬುದನ್ನು ತನ್ನ ಮಕ್ಕಳಿಗೆ ಕಲಿಸುತ್ತದೆ. ನಾವು ಹೃದಯದಿಂದ ತಾನಾಗಿ ಬಂತೆಂದು ತಿಳಿಯುವ ಎಷ್ಟೋ ಸಂಗತಿಗಳು ಹೀಗೆ ಕಲಿತು ಬಂದವು.

ನಮ್ಮ ನೆಲದ ಒಂದು ಉದಾಹರಣೆಯನ್ನು ನೋಡೋಣ. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮಾಸ್ತಿಕಲ್ಲುಗಳಿವೆ. ಮೇಲೆತ್ತಿದ ಒಂದು ತೋಳು, ಒಡೆಯದ ಬಳೆಗಳು, ಬೆರಳುಗಳ ನಡುವೆ ನಿಂಬೆಹಣ್ಣು. ಗಂಡನ ಚಿತೆಯನ್ನೇರಿದ ಹೆಣ್ಣಿನ ಗುರುತು ಅದು. ಆಕೆಯ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಕಲ್ಲು ಹೇಳುವುದಿಲ್ಲ. 1535ರ ಸುಮಾರಿಗೆ ವಿಜಯನಗರದ ವೃತ್ತಾಂತವನ್ನು ಬರೆದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಸ್ವಲ್ಪ ಹೇಳುತ್ತಾನೆ. ಆಕೆ ಕುದುರೆಯ ಮೇಲೆ, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಹೂವಿನ ಟೊಂಗೆ ಹಿಡಿದು ವಾದ್ಯಗಳೊಡನೆ ಸಾಗುತ್ತಾಳೆ; ಬಂಧುಗಳು ಸಂತೋಷದಿಂದ ಜೊತೆಗೆ ನಡೆಯುತ್ತಾರೆ. ಒಬ್ಬನು ಸಣ್ಣ ಚರ್ಮವಾದ್ಯ ಬಾರಿಸುತ್ತಾ, ನೀನು ಗಂಡನನ್ನು ಸೇರಲು ಹೊರಟಿರುವೆ ಎಂದು ಹಾಡುತ್ತಾನೆ. ಹೌದೆಂದು ಆಕೆಯೂ ಹಾಡಿನಲ್ಲೇ ಉತ್ತರಿಸುತ್ತಾಳೆ.

ಇಷ್ಟನ್ನೇ ಓದಿದವರು ಆ ಕಾಲದ ಹೆಂಗಸರು ಸಂತೋಷದಿಂದಲೇ ಸತ್ತರು ಎಂದು ಹೇಳಿಬಿಟ್ಟಾರು. ಆದರೆ ಅದೇ ನೂನಿಜ್ ಇದಕ್ಕೂ ಮೊದಲು ಇನ್ನೊಂದು ಮಾತು ಬರೆದಿದ್ದಾನೆ, ಅದನ್ನು ಹಾರಿಸಿ ಓದಬಾರದು. ಗಂಡ ಸತ್ತಾಗ ಹೆಂಡತಿ ಅಳಬೇಕು. ಆದರೆ ಅಳತೆ ಮೀರಿ ಅತ್ತರೆ ಆಕೆಗೆ ಗಂಡನ ಹಿಂದೆ ಹೋಗುವ ಮನಸ್ಸಿಲ್ಲವೆಂದು ಜನ ಎಣಿಸುತ್ತಿದ್ದರು. ಅಳು ಮುಗಿದ ಮೇಲೆ, ಕುಲಕ್ಕೆ ಕೆಟ್ಟ ಹೆಸರು ತರಬೇಡ, ಚಿತೆಯೇರು ಎಂದು ಬಂಧುಗಳೇ ಬುದ್ಧಿ ಹೇಳುತ್ತಿದ್ದರು. ಕಣ್ಣೀರಿಗೆ ಹೀಗೆ ಅಳತೆಯಿಟ್ಟ ಮೇಲೆ ಆಕೆಯ ಹಾಡನ್ನು ಬರೀ ಸಂತೋಷವೆಂದು ಹೇಗೆ ಓದುವುದು? ಅದು ಬರೀ ನಟನೆ ಎಂದು ತೀರ್ಪು ಕೊಡಲೂ ನಾನು ಸಿದ್ಧನಿಲ್ಲ. ಬಾಲ್ಯದಿಂದ ಮಾಸ್ತಿಕಲ್ಲಿಗೆ ಕೈಮುಗಿಯುತ್ತಾ ಬೆಳೆದವಳಿಗೆ ಭಯವೂ ಭಕ್ತಿಯೂ ಹೆಮ್ಮೆಯೂ ಒಟ್ಟಿಗೇ ಇದ್ದಿರಬಹುದು.

ಇನ್ನು ಕಂಪ್ಲಿಯ ವಿಷಯ. 1327ರ ಸುಮಾರಿಗೆ ದೆಹಲಿಯ ಸೈನ್ಯ ಮುತ್ತಿದಾಗ ಅಂತಃಪುರದ ಹೆಂಗಸರು ರಾಜನ ಮುಂದೆ ನೆಲಕ್ಕೆ ಮುತ್ತಿಟ್ಟು ಬೆಂಕಿಗೆ ಹಾರಿದರೆಂದು ಇಬ್ನ್ ಬತೂತ ಬರೆಯುತ್ತಾನೆ. ಆತ ಭಾರತಕ್ಕೆ ಬಂದದ್ದೇ ಕೆಲವು ವರ್ಷಗಳ ನಂತರ. ಇದು ಕೇಳಿ ಬರೆದ ಮಾತು. ಆ ರಾಜನ ಮಗ ಕುಮಾರರಾಮನನ್ನು ಮಲತಾಯಿ ರತ್ನಾಜಿ ಮೋಹಿಸಿದ ಕಥೆಯನ್ನು ನಂಜುಂಡ ಕವಿ ಹಾಡಿದ್ದು 16ನೆಯ ಶತಮಾನದಲ್ಲಿ. ಸಂಡೂರಿನ ಬೆಟ್ಟಸಾಲಿನಲ್ಲಿ ರಾಮನ ನೆನಪು ಇಂದಿಗೂ ಉಳಿದಿದೆ. ರತ್ನಾಜಿಯ ಮನಸ್ಸನ್ನು ಅವಳ ಬಾಯಿಂದ ಕೇಳಿದವರಿಲ್ಲ. ಆ ಕಾವ್ಯದಿಂದ ನಮಗೆ ತಿಳಿಯುವುದು, ಹೆಣ್ಣಿನ ಆಸೆಯನ್ನು ಕವಿಯ ಕಾಲ ಎಷ್ಟು ಹೆದರಿ ನೋಡುತ್ತಿತ್ತು ಎಂಬುದು.

ಕಣ್ಣೀರನ್ನು ಅಳೆದವರು ಇಲ್ಲಿಯವರು ಮಾತ್ರವೆಂದು ಭಾವಿಸಬೇಡಿ. ಇಟಲಿಯ ಕ್ರೈಸ್ತ ನಗರ ಓರ್ವಿಯೇತೊದಲ್ಲಿ, 13ನೆಯ ಶತಮಾನದ ಕೊನೆಯಲ್ಲಿ, ಶವಸಂಸ್ಕಾರದಲ್ಲಿ ಗಟ್ಟಿಯಾಗಿ ರೋದಿಸಿದ ಗಂಡಸರಿಗೆ ದಂಡ ಹಾಕುತ್ತಿದ್ದರು. ಅದಕ್ಕೂ ಬಹಳ ಹಿಂದೆ, 387ರಲ್ಲಿ, ಸಂತ ಮೋನಿಕಾ ತೀರಿಕೊಂಡಾಗ ಮೊಮ್ಮಗ ಗೋಳೋ ಎಂದು ಅತ್ತನು. ಸುತ್ತಲಿದ್ದವರು ಅವನನ್ನು ಸುಮ್ಮನಾಗಿಸಿದರು. ಮಗ ಸಂತ ಅಗಸ್ಟೀನರು ಅಂದು ಎಲ್ಲರೆದುರು ಕಣ್ಣೀರನ್ನು ಬಿಗಿಹಿಡಿದರು. ಸ್ನಾನ ಮಾಡಿದರೂ ಹಗುರಾಗಲಿಲ್ಲ. ಮಲಗಿ ಎದ್ದ ಮೇಲೆ, ಏಕಾಂತದಲ್ಲಿ ಅತ್ತರು. ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ, ದುಃಖವು ಕಣ್ಣೀರಿನಿಂದ ಕಡಿಮೆಯಾಗುತ್ತದೆಯೇ ಎಂದು ಪ್ರತ್ಯೇಕವಾಗಿ ಪ್ರಶ್ನಿಸಿ, ಹೌದೆಂದು ಉತ್ತರಿಸಿದ್ದಾರೆ. ಒಳಗೆ ಮುಚ್ಚಿಟ್ಟ ನೋವು ಹೆಚ್ಚು ಬಾಧಿಸುತ್ತದೆ ಎಂಬುದು ಅವರು ಕೊಡುವ ಕಾರಣ. ಗೆಳೆಯರ ಸಾಂತ್ವನವನ್ನೂ, ನಿದ್ರೆ ಸ್ನಾನಗಳನ್ನೂ ಅವರು ಬಿಟ್ಟಿಲ್ಲ. ಗುರುಮಠದಲ್ಲಿ ಈ ಪುಟಗಳನ್ನು ನಾವು ಬೇಗ ದಾಟಿಬಿಡುತ್ತೇವೆ.

ಸಾವಿನ ಮನೆಗಳಲ್ಲಿ, ‘ಎಷ್ಟು ಗಟ್ಟಿ ಹೆಂಗಸು, ಒಂದು ಹನಿ ಕಣ್ಣೀರು ಹಾಕಲಿಲ್ಲ’ ಎಂಬ ಹೊಗಳಿಕೆ ಕೇಳುತ್ತೇನೆ. ಅದೇ ಅಂಗಳದ ಇನ್ನೊಂದು ಮೂಲೆಯಲ್ಲಿ, ಅಳದ ಸೊಸೆಯ ಬಗ್ಗೆ ಪಿಸುಮಾತು ಎದ್ದಿರುತ್ತದೆ.